ಸಿರುಗುಪ್ಪದಲ್ಲಿ ನಾನು ಕೇಳದೆ ಬಿಟ್ಟ ಪ್ರಶ್ನೆ

ಮೂವತ್ತೆರಡಕ್ಕೆ ನಿವೃತ್ತಳಾದೆ ಎಂದರೆ ಜನ ನಗುತ್ತಾರೆ. ನಗಲಿ. ನಿವೃತ್ತಿಗೆ ಅರವತ್ತು ತುಂಬಬೇಕು ಎಂಬುದು ಸರಕಾರದ ನಿಯಮ, ನನ್ನದಲ್ಲ. ಒಂದೇ ಕೆಲಸವನ್ನು ಒಂಬತ್ತು ವರ್ಷ ಮಾಡಿ, ಇನ್ನು ಜನ್ಮದಲ್ಲಿ ಇದನ್ನು ಮಾಡುವುದಿಲ್ಲ ಎಂದು ಎದ್ದು ಬಂದಿದ್ದೇನೆ. ಶಾಲು, ಹಾರ, ಹಣ್ಣಿನ ಬುಟ್ಟಿ ಬರಲಿಲ್ಲ, ಅಷ್ಟೇ ವ್ಯತ್ಯಾಸ.

ನನ್ನ ಕೆಲಸ ಜನರಿಗೆ ಕೆಲಸ ಹುಡುಕಿಕೊಡುವುದಾಗಿತ್ತು. ಬಳ್ಳಾರಿಯ ಗಾಂಧಿನಗರದಲ್ಲಿ ಒಂದು ಔಷಧಿ ಅಂಗಡಿಯ ಮೇಲೆ ಎರಡು ಕೋಣೆಯ ಆಫೀಸು. ಮಾಲೀಕರು ಪಂಪನಗೌಡರು. ಜೀನ್ಸ್ ಹೊಲಿಯುವ ಘಟಕಗಳಿಗೆ, ಅಕ್ಕಿ ಗಿರಣಿಗಳಿಗೆ, ಶೋರೂಮುಗಳಿಗೆ ಬೇಕಾದ ಗುಮಾಸ್ತರನ್ನು, ಬಿಲ್ ಬರೆಯುವವರನ್ನು, ಮೇಲ್ವಿಚಾರಕರನ್ನು ಹುಡುಕಿ ಕಳಿಸುತ್ತಿದ್ದೆವು. ಈಗ ನಾನು ಒಂದು ಡಿಗ್ರಿ ಕಾಲೇಜಿನಲ್ಲಿ ಕೊನೆಯ ವರ್ಷದ ಮಕ್ಕಳಿಗೆ ವಾರಕ್ಕೆ ನಾಲ್ಕು ಕ್ಲಾಸು ತೆಗೆದುಕೊಳ್ಳುತ್ತೇನೆ. ಸಂದರ್ಶನ ಹೇಗೆ ಎದುರಿಸಬೇಕು ಎನ್ನುವುದು ವಿಷಯ. ನಿಮ್ಮನ್ನು ಕೆಲಸಕ್ಕೆ ಕರೆದರೆ ಏನು ಕೇಳುತ್ತೀರಿ ಎಂದು ಪ್ರತಿ ವರ್ಷ ಮೊದಲ ದಿನ ಕೇಳುತ್ತೇನೆ. ಪ್ರತಿ ವರ್ಷ ಎರಡೇ ಉತ್ತರ.

"ಪ್ಯಾಕೇಜ್ ಎಷ್ಟಂತ ಕೇಳ್ತೀವ್ರಿ ಮಿಸ್."

"ಬಸ್ ಐತೋ ಇಲ್ಲೋ ಕೇಳ್ತೀವ್ರಿ."

ಮೂರನೆಯ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಇದೇ ಮಕ್ಕಳ ಮನೆಯಲ್ಲಿ ಅಕ್ಕನಿಗೆ ಗಂಡು ನೋಡುವಾಗ ಏನಾಗುತ್ತದೆ ಎಂದು ನನಗೆ ಗೊತ್ತು. ಸೋದರಮಾವ ಮೂರು ತಾಲ್ಲೂಕು ಸುತ್ತುತ್ತಾನೆ. ಹುಡುಗನ ಓಣಿಯ ಕಿರಾಣಿ ಅಂಗಡಿ, ಕ್ಷೌರದ ಅಂಗಡಿ, ಅವನ ಹಳೆಯ ಬಾಡಿಗೆ ಮನೆ, ಎಲ್ಲಾ ಕಡೆ ವಿಚಾರಣೆ. ಸಂಜೆ ಎಷ್ಟಕ್ಕೆ ಮನೆಗೆ ಬರುತ್ತಾನೆ, ತಾಯಿಯ ಜೊತೆ ಹೇಗೆ ಮಾತಾಡುತ್ತಾನೆ ಎಂಬುದೂ ಗೊತ್ತಾಗುತ್ತದೆ. ದಿನಕ್ಕೆ ಒಂಬತ್ತು ಗಂಟೆ ಯಾರ ಕೈಕೆಳಗೆ ಕೂರಬೇಕೋ ಆ ಮನುಷ್ಯನ ಬಗ್ಗೆ ಮಾತ್ರ ಯಾರೂ ಒಂದು ಮಾತು ಕೇಳುವುದಿಲ್ಲ. ಗಂಡನ ಜೊತೆ ಅಷ್ಟು ಹೊತ್ತು ಯಾವ ಹೆಂಗಸೂ ಎಚ್ಚರವಾಗಿ ಕಳೆಯುವುದಿಲ್ಲ, ಲೆಕ್ಕ ಹಾಕಿ ನೋಡಿ.

ನಾನು ಕೇಳುತ್ತಿದ್ದೆ. ಕೇಳಿಯೇ ಕೆಟ್ಟೆ, ಅದನ್ನೇ ಹೇಳಲು ಹೊರಟಿದ್ದೇನೆ.

ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗೆ ಹೋದವಳು ನಾನು. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ, ಚೀಟಿಯಲ್ಲಿ ಏನು ಬಂದರೂ ಸರಿ. ನಮ್ಮನ್ನು ತಯಾರು ಮಾಡುತ್ತಿದ್ದ ಮೇಷ್ಟ್ರು ಒಂದು ಮಾತು ಕಲಿಸಿದ್ದರು: ಯಾರಾದರೂ ಏನಾದರೂ ಹೇಳಿದರೆ, ಹಾಗೆ ಹೇಳುವುದರಿಂದ ಅವನಿಗೇನು ಲಾಭ ಎಂದು ಮೊದಲು ನೋಡು, ನಿಜವೋ ಸುಳ್ಳೋ ಎಂಬುದು ಆಮೇಲೆ. ಆ ಮಾತನ್ನು ಕಂಕುಳಲ್ಲಿ ಇಟ್ಟುಕೊಂಡೇ ನಾನು ಗೌಡರ ಆಫೀಸಿಗೆ ಸೇರಿದ್ದು.

ಅಲ್ಲಿ ಒಂದು ಉದ್ದನೆಯ ರಿಜಿಸ್ಟರ್ ಇತ್ತು. ಕಂಪನಿ, ಹುದ್ದೆ, ಸಂಬಳ, ಸಮಯ ಎಂದು ನಾಲ್ಕು ಕಾಲಂ. ಸೇರಿದ ತಿಂಗಳಲ್ಲೇ ನಾನು ಸ್ಕೇಲು ಹಿಡಿದು ಐದನೆಯ ಕಾಲಂ ಎಳೆದೆ: ಹಿಂದಿನವರು ಯಾಕೆ ಬಿಟ್ಟರು. ಗೌಡರು ಕನ್ನಡಕವನ್ನು ಹಣೆಗೇರಿಸಿ ನೋಡಿದರು.

"ಇದೇನವ್ವಾ ಸುಮಾ? ಅವ್ರು ಮಂದಿ ಕೇಳ್ಯಾರ, ನಾವು ಮಂದಿ ಕಳಸ್ತೀವಿ. ಹಿಂದಿನಾವ ಯಾಕ ಬಿಟ್ಟ ಅಂತ ಕೇಳಿದ್ರ ನಮ್ಮನ್ನ ಬಿಟ್ಟುಬಿಡ್ತಾರ."

"ನಾವು ಕಳಿಸಿದಾವ ಹದಿನೈದು ದಿನಕ್ಕ ವಾಪಸ್ ಬಂದ್ರ ಏನ್ ಮಾಡ್ತೀರಿ ಗೌಡ್ರ?"

"ಮತ್ತೊಂದು ಕಡೆ ಕಳಸೂಣು. ಅದಕ್ಕ ಅಲ್ಲನು ಆಫೀಸ್ ತೆಗದಿರೋದು."

ವಾದದಲ್ಲಿ ಗೌಡರನ್ನು ಸೋಲಿಸುವುದು ಸುಲಭ, ಒಪ್ಪಿಸುವುದು ಅಸಾಧ್ಯ. ಕಾಲಂ ಮಾತ್ರ ಉಳಿಯಿತು. ಮುಂದಿನ ಎರಡು ವರ್ಷ ಅದರಲ್ಲಿ ಬಂದ ಉತ್ತರಗಳನ್ನು ನೀವು ನೋಡಬೇಕಿತ್ತು. ಎಲ್ಲಾ ಕಂಪನಿಯವರೂ ಫೋನಿನಲ್ಲಿ ಹೇಳುತ್ತಿದ್ದದ್ದು ಒಂದೇ: "ಮದುವಿ ಆತ್ರಿ." ಗುಮಾಸ್ತೆಗೆ ಮದುವೆ, ಕಂಪ್ಯೂಟರ್ ಆಪರೇಟರಿಗೆ ಮದುವೆ, ಐವತ್ತು ದಾಟಿದ ಸ್ಟೋರ್ ಕೀಪರಿಗೂ ಮದುವೆ. ಒಂದು ಕಾರ್ಖಾನೆಯಲ್ಲಿ ಒಬ್ಬನೇ ಡ್ರೈವರಿಗೆ ಒಂದೇ ವರ್ಷದಲ್ಲಿ ಎರಡು ಸಲ ಮದುವೆಯಾಗಿತ್ತು.

ಆಮೇಲೆ ಇಂಟರ್‌ನೆಟ್ ಬಂತು, ಕಂಪನಿಗಳಿಗೆ ಸ್ಟಾರ್ ಕೊಡುವ ಪದ್ಧತಿ ಬಂತು. ಇನ್ನು ಫೋನು ಮಾಡಿ ಬೇಡಬೇಕಾಗಿಲ್ಲ ಎಂದು ಖುಷಿಪಟ್ಟೆ. ಒಂದು ಜೀನ್ಸ್ ಘಟಕಕ್ಕೆ ಹನ್ನೊಂದು ಜನ ಐದೈದು ಸ್ಟಾರ್ ಕೊಟ್ಟಿದ್ದರು, ಇಲ್ಲಿ ಕೆಲಸ ಮಾಡುವುದು ಪುಣ್ಯ ಎಂಬಂತೆ ಬರೆದಿದ್ದರು. ಹನ್ನೊಂದರಲ್ಲಿ ಏಳು ಜನರ ಅಡ್ಡಹೆಸರು ಒಂದೇ. ಮಾಲೀಕರ ಅಡ್ಡಹೆಸರೂ ಅದೇ. ಗೌಡರಿಗೆ ತೋರಿಸಿದೆ.

"ಮನಿ ಮಂದೆಲ್ಲಾ ಕೂಡಿ ಹೊಗಳ್ಯಾರಂದ್ರ ಮನ್ಯಾಗ ಜಗಳಿಲ್ಲಂತ ಅರ್ಥ. ಚೊಲೊ ಅಲ್ಲನು?" ಎಂದರು.

ಅಂದಿನಿಂದ ನಾನೇ ಹೋಗಿ ನೋಡತೊಡಗಿದೆ. ಸಂಜೆ ಕೆಲಸ ಬಿಡುವ ಹೊತ್ತಿಗೆ ಗೇಟಿನ ಎದುರು ನಿಲ್ಲುತ್ತಿದ್ದೆ. ಇದಕ್ಕೆ ಯಾವ ವಿದ್ಯೆಯೂ ಬೇಡ. ಒಳ್ಳೆಯ ಕಡೆ ಜನ ಗೇಟು ದಾಟುವ ಮೊದಲೇ ಮಾತಾಡುತ್ತಾ ಬರುತ್ತಾರೆ. ಕೆಟ್ಟ ಕಡೆ ರಸ್ತೆ ತಿರುವಿನ ತನಕ ಒಬ್ಬರೂ ಬಾಯಿ ಬಿಡುವುದಿಲ್ಲ, ತಿರುವು ದಾಟಿದ ಮೇಲೆ ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ. ಕಾವಲುಗಾರ ಕೆಲಸದವರನ್ನು ಹೆಸರು ಹಿಡಿದು ಕರೆಯುತ್ತಾನೋ ಅಥವಾ ಚೀಲ ಬಿಚ್ಚಲು ಕೈಸನ್ನೆ ಮಾಡುತ್ತಾನೋ ಎಂಬುದನ್ನು ನೋಡಬೇಕು. ಏಳು ಮಂದಿ ಬಂಧುಗಳು ಹೊಗಳಿದ್ದ ಆ ಜೀನ್ಸ್ ಘಟಕದೊಳಗೆ ಒಮ್ಮೆ ಹೋದಾಗ ಕಂಡದ್ದು ಇಷ್ಟು: ಹೆಂಗಸರ ಶೌಚಾಲಯದ ಬೀಗದ ಕೈ ಮೇಲ್ವಿಚಾರಕನ ಸೊಂಟದಲ್ಲಿತ್ತು. ಹೋಗಬೇಕಾದವಳು ಅವನ ಮುಂದೆ ನಿಂತು ಕೇಳಬೇಕು. ಅಲ್ಲಿಗೆ ನಾನು ಒಬ್ಬರನ್ನೂ ಕಳಿಸಲಿಲ್ಲ. ಗೌಡರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ನನಗೆ ಸೊಕ್ಕು ಬಂತು. ನನ್ನ ಕಣ್ಣಿಗೆ ಮಣ್ಣೆರಚುವ ಕಂಪನಿ ಈ ಜಿಲ್ಲೆಯಲ್ಲಿ ಹುಟ್ಟಿಲ್ಲ ಎಂದುಕೊಂಡೆ. ಶಿವಲೀಲಾ ಬಂದದ್ದು ಆ ಹೊತ್ತಿನಲ್ಲಿ.

ಶಿವಲೀಲಾ ಕುರುಗೋಡಿನವಳು. ಬಿ.ಕಾಂ. ಮುಗಿಸಿ, ಅಲ್ಲೇ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ನಾಲ್ಕು ವರ್ಷದಿಂದ ಇದ್ದಳು. ಸಂಬಳ ಕಡಿಮೆ, ಆದರೆ ಮಧ್ಯಾಹ್ನ ಮನೆಗೆ ನಡೆದು ಹೋಗಿ ಉಂಡು ಬರಬಹುದು, ಏರಿದ ದನಿಯಲ್ಲಿ ಮಾತಾಡುವವರು ಯಾರೂ ಇಲ್ಲ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಗೆ ಆಫೀಸು ನೋಡಿಕೊಳ್ಳುವವರು ಬೇಕಾಗಿತ್ತು. ಬಿಲ್ಲು, ಗೇಟ್ ಪಾಸು, ಲಾರಿಗಳ ತೂಕದ ಚೀಟಿ ಇಷ್ಟು ಕೆಲಸ. ಸಂಬಳ ಶಾಲೆಯದಕ್ಕಿಂತ ಒಂದೂವರೆ ಪಟ್ಟು. ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಅಕ್ಕಾ, ಸಂಬಳದ್ದು ನನಗ ಹೇಳಬ್ಯಾಡ್ರಿ, ಅದು ಕಾಗದದಾಗ ಐತಿ. ಮ್ಯಾಲಿನಾವ ಹೆಂಗ ಮಾತಾಡ್ತಾನ, ಅದನ್ನ ನೋಡ್ಕೊಂಡು ಬರ್ರಿ. ನನಗ ಬೈಸ್ಕೊಳ್ಳಾಕ ಆಗಂಗಿಲ್ಲ. ಯಾರರ ಜೋರು ಮಾಡಿದ್ರ ಕೈ ನಡಗತಾವ, ಬರೆಯೋದೆಲ್ಲಾ ತಪ್ಪತೈತಿ. ನೀವು ಹೂಂ ಅಂದ್ರ ಸಾಲಿ ಬಿಡ್ತೀನಿ. ಇಲ್ಲಾಂದ್ರ ಇಲ್ಲ."

ಅಷ್ಟು ವರ್ಷದಲ್ಲಿ ಮೂರನೆಯ ಪ್ರಶ್ನೆ ಕೇಳಿದ ಮೊದಲ ಹುಡುಗಿ ಅವಳು. ಅವಳಿಗೋಸ್ಕರ ಸಿರುಗುಪ್ಪವನ್ನು ಜರಡಿ ಹಿಡಿಯಬೇಕು ಎಂದು ನಿರ್ಧರಿಸಿದೆ.

ಆ ದಿನ ಗೌಡರೂ ನನ್ನ ಜೊತೆ ಬಂದರು. ಸಿರುಗುಪ್ಪದಲ್ಲಿ ಅವರ ಬಂಧುಗಳ ಮನೆಯಲ್ಲಿ ತೊಟ್ಟಿಲ ಕಾರ್ಯ ಇತ್ತು, ನನ್ನನ್ನೂ ಕರೆದಿದ್ದರು. ಹಾಗಾಗಿ ಗೌಡರು ಗರಿಗರಿ ಬಿಳಿ ಧೋತರ ಉಟ್ಟು ಹೆಗಲಿಗೆ ವಲ್ಲಿ ಹಾಕಿದ್ದರು. ನಾನು ರೇಷ್ಮೆ ಸೀರೆ ಉಟ್ಟು ಹೂ ಮುಡಿದಿದ್ದೆ. ಕೈಯಲ್ಲಿ ಹಣ್ಣಿನ ಚೀಲ. ಈ ವಿವರಗಳನ್ನು ಸುಮ್ಮನೆ ಬರೆಯುತ್ತಿಲ್ಲ. ನನ್ನ ಒಂಬತ್ತು ವರ್ಷದ ಅತಿ ದೊಡ್ಡ ತಪ್ಪು ನಿಂತಿರುವುದೇ ಇವುಗಳ ಮೇಲೆ.

ಗಿರಣಿಯ ಎದುರು ಇಮಾಮಸಾಬರ ಚಹಾದಂಗಡಿ. ಗೇಟು ನೆಟ್ಟಗೆ ಕಾಣುತ್ತದೆ, ಒಳಗಿನವರೆಲ್ಲ ಅಲ್ಲಿಗೇ ಬರಬೇಕು. ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗುತ್ತದೆ?

"ಈ ಮಿಲ್ಲಿನ್ಯಾಗ ಮ್ಯಾನೇಜರ್ ಅದಾರಲ್ರಿ, ವೀರೇಶ ಅಂತ. ಮನಶಾ ಹೆಂಗ್ರಿ?" ಎಂದೆ.

ಇಮಾಮಸಾಬರು ಗೌಡರ ಧೋತರ ನೋಡಿದರು, ನನ್ನ ಸೀರೆ ನೋಡಿದರು, ಹಣ್ಣಿನ ಚೀಲ ನೋಡಿದರು. ಬೆಂಚನ್ನು ಬಟ್ಟೆಯಿಂದ ಒರೆಸಿದರು.

"ಕೂಡ್ರಿ, ಕೂಡ್ರಿ. ಯಾವ ಕಡೆಯವ್ರಿ ನೀವು?"

"ಬಳ್ಳಾರಿಯವ್ರು. ಹುಡುಗಿ ಕುರುಗೋಡಾಕಿ."

"ಏನ್ ಓದ್ಯಾಳ್ರಿ?"

"ಬಿ.ಕಾಂ. ಆಗೈತ್ರಿ."

"ಬೇಷಾತು. ವೀರೇಶಪ್ಪ ಬಂಗಾರದಂಥಾ ಮನಶಾ ಬಿಡ್ರಿ. ಬೀಡಿ ಇಲ್ಲ, ಗುಟ್ಕಾ ಇಲ್ಲ, ಬ್ಯಾರೆ ಏನೂ ಇಲ್ಲ."

"ಸಿಟ್ಟು ಹೆಂಗ್ರಿ?"

"ಗಂಡಸು ಅಂದಮ್ಯಾಲ ಒಂದೀಟು ಇರ್ತೈತ್ರಿ. ಹೊಂದ್ಕೊಂಡು ಹೋದ್ರ ಏನೂ ತ್ರಾಸಿಲ್ಲ."

"ಕೈಕೆಳಗಿನವ್ರ ಜೋಡಿ ಹೆಂಗ ಇರ್ತಾರ?"

"ತಾಯಿನ್ನ ಭಾಳ ಚೊಲೊ ನೋಡ್ಕೊಂತಾನ್ರಿ."

ನಾನು ಕೇಳಿದ್ದು ಕೈಕೆಳಗಿನವರ ಬಗ್ಗೆ, ಉತ್ತರ ಬಂದದ್ದು ತಾಯಿಯ ಬಗ್ಗೆ. ಅಲ್ಲೇ ನನ್ನ ಕಿವಿ ನೆಟ್ಟಗಾಗಬೇಕಿತ್ತು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು: ಹೃದಯವಂತ. ಗೌಡರು ಎರಡನೆಯ ಚಹಾ ಕುಡಿಯುತ್ತಾ ಎಲ್ಲದಕ್ಕೂ ತಲೆದೂಗುತ್ತಿದ್ದರು.

ಒಬ್ಬನೇ ಸಾಕ್ಷಿ ಸಾಲದು ಎಂದು ಪಕ್ಕದ ಹೊಲಿಗೆ ಅಂಗಡಿಯ ಹೆಂಗಸನ್ನು ಕೇಳಿದೆ. "ಅಲ್ಲಿಗಿ ಬಂದಾಕಿ ಪುಣ್ಯ ಮಾಡಿರಬೇಕ್ರಿ" ಎಂದಳು. ನೆರಳಿಗೆ ಕೂತಿದ್ದ ಹಮಾಲಿ ಒಬ್ಬನನ್ನು ಕೇಳಿದೆ. "ನಿಮ್ಮ ಹುಡುಗಿಗಿ ಏನೂ ಕಡಿಮಿ ಆಗಂಗಿಲ್ರಿ" ಎಂದ. ಮೂರು ಸಾಕ್ಷಿ, ಮೂವರಿಗೂ ಪರಸ್ಪರ ಸಂಬಂಧವಿಲ್ಲ, ಹೊಗಳುವುದರಿಂದ ಮೂವರಿಗೂ ಒಂದು ಪೈಸೆ ಲಾಭವಿಲ್ಲ. ಮೇಷ್ಟ್ರು ಕಲಿಸಿದ ಪರೀಕ್ಷೆಯಲ್ಲಿ ವೀರೇಶ ಪಾಸಾಗಿದ್ದ. ಗೇಟಿನ ಎದುರು ಸಂಜೆ ನಿಂತು ನೋಡುವುದನ್ನು ಮಾತ್ರ ಅವತ್ತು ಬಿಟ್ಟೆ, ತೊಟ್ಟಿಲ ಕಾರ್ಯಕ್ಕೆ ಹೊತ್ತಾಗಿತ್ತು.

ವಾಪಸ್ ಬರುವಾಗ ಬಸ್ಸಿನಿಂದಲೇ ಶಿವಲೀಲಾಗೆ ಫೋನು ಮಾಡಿದೆ. "ಹೋಗವಾ, ಏನೂ ವಿಚಾರ ಮಾಡಬ್ಯಾಡ" ಎಂದೆ. ಅವಳು ಶಾಲೆ ಬಿಟ್ಟಳು. ಆ ಜಾಗಕ್ಕೆ ಎರಡೇ ದಿನದಲ್ಲಿ ಬೇರೆಯವರು ಬಂದರು.

ಒಂದು ತಿಂಗಳಾದ ಮೇಲೆ ಒಂದು ಭಾನುವಾರ ಆಫೀಸಿಗೆ ಬಂದಳು. ಗುರುತು ಸಿಗದಷ್ಟು ಇಳಿದಿದ್ದಳು. ನೀರು ಕೊಟ್ಟರೆ ಲೋಟ ಎರಡೂ ಕೈಯಲ್ಲಿ ಹಿಡಿದಳು.

ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಬೆಳಗ್ಗೆ ಹತ್ತಕ್ಕೆ ಆಫೀಸಿನ ಆರೂ ಜನ ಸಾಲಾಗಿ ನಿಲ್ಲಬೇಕು. ಫೋನುಗಳನ್ನು ಒಂದು ಪ್ಲಾಸ್ಟಿಕ್ ಬುಟ್ಟಿಗೆ ಹಾಕಬೇಕು. ವೀರೇಶ ಕುರ್ಚಿಯಲ್ಲಿ ಕೂತು, ನಿನ್ನೆ ಯಾರು ಏನು ತಪ್ಪು ಮಾಡಿದರು ಎಂಬುದನ್ನು ಒಂದು ನೋಟ್‌ಬುಕ್ಕಿನಿಂದ ಓದುತ್ತಾನೆ. ಹೆಸರು ಬಂದವರು ಒಂದು ಹೆಜ್ಜೆ ಮುಂದೆ ಬಂದು ಮೂರು ಸಲ "ತಪ್ಪಾತ್ರಿ" ಅನ್ನಬೇಕು, ಸಣ್ಣ ದನಿಯಲ್ಲಿ ಅಂದರೆ ಮತ್ತೆ ಮೂರು ಸಲ. ಹೆಸರು ಬಂದವರ ಕೈ ನಡುಗುತ್ತದೆ, ಅವತ್ತು ಮತ್ತೆ ತಪ್ಪಾಗುತ್ತದೆ, ನಾಳೆ ಮತ್ತೆ ಹೆಸರು ಬರುತ್ತದೆ.

"ಬಿಟ್ಟುಬಿಡು" ಎಂದೆ.

"ಹೆಂಗ ಬಿಡ್ಲಿ ಅಕ್ಕಾ? ಮೊದಲನೇ ದಿನನ ನನ್ನ ಮಾರ್ಕ್ಸ್ ಕಾರ್ಡ್ ತಗೊಂಡಾರ. ಎಲ್ಲಾ ಒರಿಜಿನಲ್. ನೋಡಿ ಕೊಡ್ತೀನಂದ್ರು, ಬೀರುನ್ಯಾಗ ಇಟ್ಟು ಕೀಲಿ ಹಾಕ್ಯಾರ. ಕೆಲಸಕ್ಕ ಹೋಗದಿದ್ರ ಅವು ಬರಂಗಿಲ್ಲ."

ಹತ್ತನೆಯ ಕ್ಲಾಸಿನಿಂದ ಡಿಗ್ರಿಯ ಕೊನೆಯ ಸೆಮಿಸ್ಟರಿನ ತನಕದ ಕಾಗದಗಳು. ಅವಿಲ್ಲದೆ ಅವಳು ಬೇರೆ ಎಲ್ಲಿಗೂ ಅರ್ಜಿ ಹಾಕುವಂತಿಲ್ಲ. ನನ್ನ ಒಂದು ಹೂಂ ಅವಳನ್ನು ಆ ಬೀರುವಿನೊಳಗೆ ಹಾಕಿ ಕೀಲಿ ತಿರುಗಿಸಿತ್ತು.

ಮರುದಿನವೇ ಸಿರುಗುಪ್ಪಕ್ಕೆ ಹೋದೆ. ಮೊದಲು ಇಮಾಮಸಾಬರ ಅಂಗಡಿ. ನನ್ನನ್ನು ಕಂಡು ಅವರ ಮುಖ ಅರಳಿತು.

"ಬರ್ರಿ ಮೇಡಂ. ಲಗ್ನ ಯಾವಾಗಿಟ್ಟೀರಿ?"

"ಯಾರ ಲಗ್ನ?"

"ನಿಮ್ಮ ಕುರುಗೋಡಿನ ಹುಡುಗೀದು, ವೀರೇಶಪ್ಪಂದು."

ನಾನು ಬೆಂಚಿನ ಮೇಲೆ ಕೂತೆ. ಕೂತು, ಅದು ನೌಕರಿಗೆ ಮಾಡಿದ ವಿಚಾರಣೆ ಎಂದು ವಿವರಿಸಿದೆ. ಅವರಿಗೆ ಬಹಳ ಹೊತ್ತು ಅರ್ಥವಾಗಲಿಲ್ಲ.

"ಅಲ್ರೀ ಮೇಡಂ, ನೌಕ್ರಿಗಿ ಯಾರರ ವಿಚಾರಸಾಕ ಬರ್ತಾರೇನ್ರಿ? ಇಷ್ಟು ವರ್ಷಕ್ಕ ನನ್ನ ಅಂಗಡಿಗಿ ಒಬ್ಬರೂ ಬಂದಿಲ್ಲ. ಹಿರೇರು ಧೋತ್ರ ಉಟ್ಟಾರ, ನೀವು ಹಣ್ಣು ಹಿಡದೀರಿ, ಹುಡುಗಿ ಬಿ.ಕಾಂ. ಅಂತೀರಿ. ಲಗ್ನದ ಮಾತಿಗಿ ಕಲ್ಲು ಹಾಕಬಾರ್ದಲ್ರಿ, ಅದಕ್ಕ ಚೊಲೊ ಹೇಳಿದೆ. ನೌಕ್ರಿ ಅಂದಿದ್ರ ಖರೇನ ಹೇಳ್ತಿದ್ದೆ. ಆರು ತಿಂಗಳದಾಗ ನಾಕು ಮಂದಿ ಬಿಟ್ಟಾರ. ಇದ ಬೆಂಚಿನ ಮ್ಯಾಲ ಕುಂತು ಅಳ್ತಾರ."

"ಅಂದ್ರ ಗಂಡ ಆಗೋನು ಅಂದ್ರ ಸುಳ್ಳು ಹೇಳ್ತೀರಿ, ಸಾಹೇಬ ಆಗೋನು ಅಂದ್ರ ಖರೇ ಹೇಳ್ತೀರಿ?"

"ನೌಕ್ರಿ ಬಿಟ್ಟು ಹೋಗಬಹುದಲ್ರಿ."

"ಬಿಟ್ಟು ಹೋಗಾಕ ಬರದಿದ್ದಕ್ಕ ಅಲ್ಲೇನ್ರಿ ಮೊದಲು ಖರೇ ಹೇಳಬೇಕಾದದ್ದು?"

ಇಮಾಮಸಾಬರು ಚಹಾ ಸೋಸುವುದನ್ನು ನಿಲ್ಲಿಸಿದರು. "ಹಂಗ ಯಾರೂ ಕೇಳಿದ್ದಿಲ್ರಿ" ಎಂದರು.

ಅವರ ಮೇಲೆ ಸಿಟ್ಟಾಗಿ ಏನು ಪ್ರಯೋಜನ? ಅವರು ಅವರಿಗೆ ತಿಳಿದ ಪ್ರಶ್ನೆಗೆ, ತಿಳಿದ ಮರ್ಯಾದೆಯಲ್ಲಿ ಉತ್ತರ ಕೊಟ್ಟಿದ್ದರು. ಸಾಕ್ಷಿಗೆ ಲಾಭವಿದೆಯೋ ಇಲ್ಲವೋ ಎಂದು ನೋಡಿದ ಜಾಣೆ ನಾನು, ಸಾಕ್ಷಿ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾನೆ ಎಂದು ನೋಡಲಿಲ್ಲ. ಇಂಥ ಉದ್ಯೋಗಕ್ಕೆ ನಮ್ಮ ಹುಡುಗಿ ಬರುತ್ತಾಳೆ ಎಂದು ಒಂದು ವಾಕ್ಯ ಮೊದಲೇ ಹೇಳಿದ್ದರೆ ಮುಗಿಯುತ್ತಿತ್ತು. ನೀವು ವಿಚಾರಿಸಲು ಹೋದಾಗ ಈ ಒಂದು ವಾಕ್ಯವನ್ನು ಮರೆಯಬೇಡಿ. ಧೋತರದವರನ್ನೂ ಕರೆದುಕೊಂಡು ಹೋಗಬೇಡಿ.

ಅಲ್ಲಿಂದ ಗಿರಣಿಯ ಒಳಗೆ ಹೋದೆ. ವೀರೇಶ ಮೂವತ್ತೈದರ ಆಸುಪಾಸಿನ, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ದನಿ ಮೆತ್ತಗೆ. ಕುರ್ಚಿ ಕೊಟ್ಟ. ಅವನ ಹಿಂದೆಯೇ ಬೂದು ಬಣ್ಣದ ಬೀರು.

"ಒರಿಜಿನಲ್ ಇಟ್ಕೊಳ್ಳಾಕ ಯಾವ ಕಾನೂನು ಐತ್ರಿ?" ಎಂದೆ.

"ಕಾನೂನಲ್ರಿ ಮೇಡಂ, ಪದ್ಧತಿ. ಹಿಂದಿನ ನಾಕು ಮಂದಿ ಬಿಟ್ಟು ಹೋದಮ್ಯಾಲ ಇಟ್ಕೊಳ್ಳಾಕತ್ತೀನಿ. ಕೊಟ್ರ ಬಿಟ್ಟು ಹೋಗ್ತಾರ."

"ಬಿಟ್ಟು ಹೋಗದಂಗ ನಡಕೊಂಡ್ರ ಇಟ್ಕೊಳ್ಳೋದ ಬೇಕಾಗಂಗಿಲ್ಲಲ್ರಿ."

"ಶಿಸ್ತು ಬೇಕಲ್ರಿ."

"ಕೀಲಿ ಹಾಕಿ ಇಟ್ಟದ್ದಕ್ಕ ಶಿಸ್ತು ಅನ್ನಂಗಿಲ್ರಿ, ಅಡವು ಅಂತಾರ."

ಇಪ್ಪತ್ತು ನಿಮಿಷ ನಡೆಯಿತು. ಅವನು ಎತ್ತಿದ ಒಂದೊಂದು ಮಾತನ್ನೂ ಕತ್ತರಿಸಿ ಕೈಗೆ ಕೊಟ್ಟೆ. ನಾನು ಅಭ್ಯಾಸಬಲದಿಂದ ತೀರ್ಪುಗಾರರು ಎಲ್ಲಿ ಎಂದು ಸುತ್ತ ನೋಡಿದೆ. ಆರು ಜನ ಆರು ಕಾಗದಗಳೊಳಗೆ ತಲೆ ಹುದುಗಿಸಿದ್ದರು.

"ಭಾಳ ಚೊಲೊ ಮಾತಾಡ್ತೀರಿ ಮೇಡಂ. ವಕೀಲಿಕಿ ಮಾಡಬೇಕಿತ್ತು ನೀವು" ಎಂದ. ಎದ್ದು ಬೀರುವಿನ ಹಿಡಿಕೆ ಎಳೆದು ಕೀಲಿ ಬಿದ್ದಿದೆ ಎಂದು ಖಚಿತ ಮಾಡಿಕೊಂಡು, ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡ.

ಮರುದಿನ ಬೆಳಗ್ಗೆ ಸಾಲಿನಲ್ಲಿ ನಿಂತು, ಹೊರಗಿನವರನ್ನು ಆಫೀಸಿಗೆ ಕರೆಸಿದ್ದಕ್ಕೆ ಶಿವಲೀಲಾ ಮೂರು ಸಲ ತಪ್ಪಾತ್ರಿ ಅಂದಳಂತೆ. ದೂರು ಬರೆದು ಕೊಡೋಣ ಎಂದರೆ ಒಪ್ಪಲಿಲ್ಲ. "ಅವ್ರು ಹರದು ಹಾಕಿದ್ರ ಏನ್ ಮಾಡ್ಲಿ ಅಕ್ಕಾ? ನೀವಿನ್ನ ಏನೂ ಮಾಡಬ್ಯಾಡ್ರಿ" ಎಂದಳು. ಆ ಕೊನೆಯ ವಾಕ್ಯ ನನಗೆ ಈಗಲೂ ಚುಚ್ಚುತ್ತದೆ.

ಇನ್ನೂ ಎರಡು ತಿಂಗಳು ಹೋದಳು. ಬೆಳಗ್ಗೆ ಸಿರಿಗೇರಿ ಮೇಲೆ ಹೋಗುವ ಬಸ್ಸು, ಸಂಜೆ ಅದೇ ಬಸ್ಸು. ಆಗ ಕುರುಗೋಡಿನಲ್ಲೇ ಒಂದು ಸಣ್ಣ ಪತ್ತಿನ ಸಹಕಾರ ಸಂಘದಲ್ಲಿ ಅವಳನ್ನು ಆಯ್ಕೆ ಮಾಡಿದರು. ಮನೆಯಿಂದ ನಡೆದು ಹೋಗಬಹುದು. ಸೋಮವಾರ ಹನ್ನೊಂದಕ್ಕೆ ಮೂಲ ಕಾಗದಪತ್ರ ತೋರಿಸಬೇಕು, ತೋರಿಸದಿದ್ದರೆ ಮುಂದಿನ ಹೆಸರಿನವರನ್ನು ಕರೆಯುತ್ತಾರೆ.

ಗುರುವಾರ ಮಧ್ಯಾಹ್ನ ಇಮಾಮಸಾಬರ ಫೋನಿನಿಂದ ನನಗೆ ಕರೆ ಮಾಡಿದಳು. ದನಿ ತಗ್ಗಿಸಿ ಮಾತಾಡುತ್ತಿದ್ದಳು.

"ಅಕ್ಕಾ, ಶನಿವಾರ ಬಳ್ಳಾರಿಯಿಂದ ಹೆಣ್ಣಿನ ಕಡೆಯವ್ರು ಬರಾಕತ್ತಾರಂತ, ಸರ್‌ನ ವಿಚಾರಸಾಕ. ಈ ಸಲ ಖರೇನ ಹೆಣ್ಣಿನ ಕಡೆಯವ್ರು. ಆಫೀಸಿನ ಹೆಣ್ಮಕ್ಕಳನ್ನ ಕೇಳ್ತಾರ, ಚೊಲೊ ನಾಕು ಮಾತು ಹೇಳು, ಹೇಳಿದ್ರ ಅವತ್ತ ಸಂಜಿಗಿ ನಿನ್ನ ಕಾರ್ಡ್ ಕೊಡ್ತೀನಿ ಅಂದ್ರು. ಏನ್ ಹೇಳ್ಲಿ?"

ಸತ್ಯ, ಪುರಾವೆ, ಸಾಕ್ಷಿ ಎಂದು ವರ್ಷಗಟ್ಟಲೆ ಗೌಡರ ತಲೆ ತಿಂದವಳು ನಾನು. ಆ ಹೊತ್ತಿಗೆ ನನ್ನ ಬಾಯಿಂದ ಬಂದದ್ದು ಇದು: "ಸುಳ್ಳು ಹೇಳು. ಬಂಗಾರದಂಥಾ ಮನಶಾ ಅನ್ನು. ಕಾರ್ಡ್ ತಗೊಂಡು ಮನಿಗಿ ಹೋಗು."

"ಹೂಂ" ಎಂದು ಫೋನಿಟ್ಟಳು.

ಶನಿವಾರ ನಾನು ಅಲ್ಲಿರಲಿಲ್ಲ. ನಡೆದದ್ದನ್ನು ಆಮೇಲೆ ಅವಳೂ ಇಮಾಮಸಾಬರೂ ಬೇರೆ ಬೇರೆಯಾಗಿ ಹೇಳಿದರು, ಇಬ್ಬರ ಮಾತೂ ಕೂಡುತ್ತದೆ. ಬಂದವರು ಹುಡುಗಿಯ ಸೋದರಮಾವ, ವಯಸ್ಸಾದ ಮನುಷ್ಯ. ಮೊದಲು ಚಹಾದಂಗಡಿಗೇ ಬಂದರು. ಇಮಾಮಸಾಬರು ಬೆಂಚು ಒರೆಸಿದರು, ಚಹಾ ಕೊಟ್ಟರು, ಆದರೆ ಬಂಗಾರದ ಮಾತು ತೆಗೆಯಲಿಲ್ಲ.

"ನನ್ನ ಕೇಳಬ್ಯಾಡ್ರಿ. ಹಿಂದ ಒಮ್ಮೆ ತಪ್ಪು ಹೇಳೀನಿ. ಒಳಗ ಕೆಲಸ ಮಾಡೋ ಹುಡುಗಿ ಈಗ ಚಹಾಕ್ಕ ಬರ್ತಾಳ, ಆಕಿನ್ನ ಕೇಳ್ರಿ."

ಶಿವಲೀಲಾ ಬಂದಳು. ಮುದುಕರು ಕೇಳಿದರು. ಲೋಟವನ್ನು ಬೆಂಚಿನ ಮೇಲಿಟ್ಟು ಮಾತಾಡಿದಳು.

"ಚೊಲೊ ಹೇಳು ಅಂತ ಹೇಳ್ಯಾರ್ರಿ ಕಾಕಾ, ಅದು ನನ್ನ ಬಾಯಾಗ ಬರವಲ್ದು. ಕೆಟ್ಟ ಹೇಳಾಕ ಧೈರ್ಯ ಇಲ್ಲ. ನನ್ನ ಮಾರ್ಕ್ಸ್ ಕಾರ್ಡ್ ಅವ್ರ ಬೀರುನ್ಯಾಗ ಅದಾವು. ಸೋಮವಾರ ಕುರುಗೋಡಿನ್ಯಾಗ ತೋರಸಬೇಕು. ನನಗ ಗೊತ್ತಿರೋದು ಇಷ್ಟ."

ಮುದುಕರು ಚಹಾ ಮುಗಿಸಿ ಗಿರಣಿಯೊಳಗೆ ಹೋದರು. ವೀರೇಶ ಎದ್ದು ನಿಂತು ನಮಸ್ಕಾರ ಮಾಡಿದ.

"ತಮ್ಮಾ, ಈ ಹುಡುಗಿ ಕಾಗದ ನಿನ್ನ ಕಡೆ ಅದಾವಂತ. ಕೊಟ್ಟುಬಿಡು ಮೊದಲ. ಆಮ್ಯಾಲ ಮಾತಾಡೂಣು."

"ಕೊಡಬೇಕಂತನ ತೆಗೆದಿಟ್ಟಿದ್ದೆ ಮಾವಾ" ಎಂದು ವೀರೇಶ ಜೇಬಿನಿಂದ ಕೀಲಿಕೈ ತೆಗೆದ.

ಅಷ್ಟೇ. ನಾನು ಇಪ್ಪತ್ತು ನಿಮಿಷ ಕಾನೂನು, ನ್ಯಾಯ, ತರ್ಕ ಎಂದು ಬಾಯಿ ಒಣಗಿಸಿಕೊಂಡ ಕಡೆ, ಹೆಣ್ಣಿನ ಸೋದರಮಾವನ ಒಂದು ಮಾತಿಗೆ ಬೀರು ತೆರೆಯಿತು. ಶಿವಲೀಲಾ ಕಾಗದಗಳನ್ನು ಒಂದೊಂದಾಗಿ ಎಣಿಸಿ, ಎದೆಗವಚಿಕೊಂಡು, ಮಧ್ಯಾಹ್ನದ ಬಸ್ಸಿಗೇ ಊರಿಗೆ ಹೋದಳು. ಸೋಮವಾರ ಹನ್ನೊಂದಕ್ಕೆ ಸಹಕಾರ ಸಂಘದ ಮೇಜಿನ ಮೇಲೆ ಎಲ್ಲವನ್ನೂ ಇಟ್ಟಳು. ಇಂದಿಗೂ ಅಲ್ಲೇ ಇದ್ದಾಳೆ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಸಮಾಧಾನದಿಂದ ಬರೆಯುತ್ತಿದ್ದೆ. ಅಂದು ಗಿರಣಿಯಿಂದ ಹೊರಗೆ ಬಂದ ಮುದುಕರು ಇಮಾಮಸಾಬರಿಗೆ ಹೇಳಿದ ಮಾತು ಕೇಳಿ: "ಕೇಳಿದ ಕೂಡ್ಲೆ ಕೊಟ್ಟ ನೋಡ್ರಿ. ಹುಡುಗನ ಮನಸು ಸ್ವಚ್ಛ ಐತಿ." ಸಂಬಂಧ ಗೊತ್ತು ಮಾಡಲು ದಿನ ಹಿಡಿದರು. ತಪ್ಪನ್ನೇ ಪುರಾವೆ ಮಾಡಿ, ಆ ಪುರಾವೆಯಿಂದಲೇ ಮನುಷ್ಯನನ್ನು ಒಳ್ಳೆಯವನೆಂದು ಸಾಧಿಸಿದ ವಾದವನ್ನು ಯಾವ ಸ್ಪರ್ಧೆಯಲ್ಲೂ ನಾನು ಕೇಳಿರಲಿಲ್ಲ.

ಹತ್ತು ದಿನಗಳ ಮೇಲೆ ಶಿವಲೀಲಾಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಮದುವೆ ಆಗಬೇಕಾದ ಹುಡುಗಿ. ಇಮಾಮಸಾಬರ ಅಂಗಡಿಯಿಂದ ನಂಬರು ಹುಡುಕಿಸಿದ್ದಳಂತೆ.

"ಅಕ್ಕಾ, ಮಾವ ಕೇಳಿದ ಕೂಡ್ಲೆ ಅವ್ರು ನಿಮ್ಮ ಕಾಗದ ಕೊಟ್ರಂತ. ಖರೇನ್ರಿ?"

"ಖರೇ."

"ಅದಕ್ಕಿಂತ ಮೊದಲು ನೀವು ಕೇಳಿದ್ರೇನು?"

"ಕೇಳಿದ್ದೆ. ಹತ್ತು ಹನ್ನೊಂದು ಸಲ ಕೇಳೀನಿ."

"ಆವಾಗ ಏನಂದ್ರು?"

ಶಿವಲೀಲಾ ಬೆಳಗಿನ ಸಾಲಿನ ವಿಷಯ ಹೇಳಿದಳು. ಕೇಳಿದಾಗಲೆಲ್ಲ ಮರುದಿನ ತನ್ನ ಹೆಸರು ಬರುತ್ತಿತ್ತು ಎಂದಳು.

"ಯಾರು ಕೇಳಿದ್ರ ಕೊಡ್ತಾರ, ಯಾರು ಕೇಳಿದ್ರ ಕೊಡಂಗಿಲ್ಲ, ಅಷ್ಟ ತಿಳೀಬೇಕಿತ್ರಿ ನನಗ" ಎಂದು ಆ ಹುಡುಗಿ ಫೋನಿಟ್ಟಳು.

ನಾನು ಅವಳನ್ನು ನೋಡಿಲ್ಲ. ಆದರೆ ಅಷ್ಟು ವರ್ಷ ಗೇಟುಗಳ ಎದುರು ನಿಂತು, ಚಹಾದಂಗಡಿಗಳಲ್ಲಿ ಕೂತು ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. ಮನುಷ್ಯ ಒಳ್ಳೆಯವನೋ ಕೆಟ್ಟವನೋ ಎಂದು ಕೇಳಿದರೆ ಏನೂ ತಿಳಿಯುವುದಿಲ್ಲ. ಮೇಲಿನವರ ಮುಂದೆ ಎದ್ದು ನಿಲ್ಲುವವನು ಕೆಳಗಿನವರನ್ನು ಎಷ್ಟು ಹೊತ್ತು ನಿಲ್ಲಿಸುತ್ತಾನೆ ಎಂದು ಕೇಳಬೇಕು. ನಮ್ಮ ಕ್ಲಾಸಿನ ಮಕ್ಕಳಿಗೆ ಈಗ ಅದನ್ನೇ ಹೇಳುತ್ತೇನೆ. ಅವರು ಬರೆದುಕೊಂಡು, ಪ್ಯಾಕೇಜ್ ಎಷ್ಟೆಂದು ಕೇಳುತ್ತಾರೆ.

ಆ ಮದುವೆ ಮುರಿಯಿತು ಎಂದು ಇಮಾಮಸಾಬರು ತಿಳಿಸಿದರು. ಅದೇ ವಾರ ಗಿರಣಿಯಿಂದ ನಮ್ಮ ಆಫೀಸಿಗೆ ಫೋನು ಬಂತು. ಆಫೀಸು ನೋಡಿಕೊಳ್ಳಲು ಇನ್ನೊಬ್ಬ ಹುಡುಗಿ ಬೇಕು, ಜಲ್ದಿ ಬೇಕು. ಅದೇ ಮೆತ್ತನೆಯ ದನಿ. ಗೌಡರು ಎದುರಿಗೇ ಕೂತಿದ್ದರು. ನಾನು ರಿಜಿಸ್ಟರ್ ತೆರೆದು ಕಂಪನಿ, ಹುದ್ದೆ, ಸಂಬಳ, ಸಮಯ ಬರೆದುಕೊಂಡೆ. ಐದನೆಯ ಕಾಲಮಿಗೆ ಬಂದೆ.

"ಹಿಂದಿನಾಕಿ ಯಾಕ ಬಿಟ್ಟಳ್ರಿ?"

"ಮದುವಿ ಆತ್ರಿ ಮೇಡಂ."

"ಯಾರದ್ರಿ?"

ಫೋನು ಕಟ್ಟಾಯಿತು.

"ಏನಂದ್ರು?" ಎಂದರು ಗೌಡರು.

"ಮದುವಿ ಆತಂತ್ರಿ."

"ಬರ್ಕೋ ಮತ್ತ. ಯಾರನ್ನ ಕಳಸೂಣು?"

ನಾನು ರಿಜಿಸ್ಟರನ್ನು ಅವರ ಕಡೆಗೆ ತಿರುಗಿಸಿ, ಪೆನ್ನಿಗೆ ಟೊಪ್ಪಿಗೆ ಹಾಕಿ ಅದರ ಮೇಲಿಟ್ಟು, ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡೆ.